ನೀರು ಹೋಗುವ ದಾರಿ

ಹೊಸ ಕಟ್ಟಡದ ನಕ್ಷೆ ಊಟದ ಮೇಜಿನ ಮೇಲೆ ಬಂದು ಕೂತ ದಿನದಿಂದ ಆ ಮನೆಯಲ್ಲಿ ಯಾರೂ ನೆಟ್ಟಗೆ ಊಟ ಮಾಡಿರಲಿಲ್ಲ. ಸುರುಳಿ ಸುತ್ತಿಕೊಳ್ಳುವ ಕಾಗದ. ಒಂದು ಮೂಲೆಗೆ ಉಪ್ಪಿನ ಡಬ್ಬಿ, ಒಂದಕ್ಕೆ ನೀರಿನ ಹೂಜಿ, ಇನ್ನೊಂದಕ್ಕೆ ಅಜ್ಜಿಯ ಔಷಧಿ ಬಾಟಲಿ, ಉಳಿದ ಮೂಲೆಗೆ ಯಜಮಾನರ ಮೊಣಕೈ. ಉಪ್ಪು ಬೇಕೆಂದು ಯಾರಾದರೂ ಡಬ್ಬಿ ಎತ್ತಿದರೆ ಟ್ಯಾಂಕುಗಳ ಕೋಣೆ ಮಡಚಿಕೊಂಡು ಬಂದು ಸೂಪಿನ ಬಟ್ಟಲಿಗೆ ಬೀಳುತ್ತಿತ್ತು. ಸಪ್ಪೆ ಉಣ್ಣುವುದೇ ವಾಸಿ ಎಂದು ಎಲ್ಲರೂ ರೂಢಿ ಮಾಡಿಕೊಂಡರು.

ದ್ರಾಕ್ಷಿಯಿಂದ ವೈನ್ ಮಾಡುವುದು ಆ ಮನೆಯವರಿಗೆ ಮೂರು ತಲೆಮಾರಿನ ಕಸುಬು. ಕೆಳಗೆ ವೈನರಿ, ಮೇಲೆ ಸಂಸಾರ. ಕೆಳಗಿನ ಭಾಗ ಹಿಂದೆ ಯಾರದೋ ಎಣ್ಣೆ ಗೋದಾಮು. ನೆಲದ ನಡುವೆ ಒಂದು ಬಾವಿ, ಅದರ ಮೇಲೆ ಕಬ್ಬಿಣದ ಮುಚ್ಚಳ. ಹಣ್ಣು ಹುದುಗುವ ತಿಂಗಳಲ್ಲಿ ಮೇಲಿನ ಹಾಸಿಗೆಯ ಹೊದಿಕೆಗೂ ಅದೇ ವಾಸನೆ. ಬೀದಿ ಇಕ್ಕಟ್ಟಾಗಿ ಈಗಿನ ಲಾರಿಗಳು ತಿರುಗುತ್ತಿರಲಿಲ್ಲ. ಹಾಗಾಗಿ ಊರಾಚೆ ದೊಡ್ಡ ರಸ್ತೆಯ ಪಕ್ಕ, ಹಿಂದಕ್ಕೆ ಇಳಿಯುವ ಒಂದು ತುಂಡು ಜಾಗ ಕೊಂಡು ತಳಪಾಯ ಹಾಕಿಸಿದ್ದರು. ಮುಂದಿನ ಕೆಲಸ ನೆಲ. ಹಣ್ಣು ಮಾಗುವುದರೊಳಗೆ ಅದು ಮುಗಿಯಬೇಕು. ಕಾಂಕ್ರೀಟು ಬಿದ್ದ ಮೇಲೆ ಯಾರು ಎಷ್ಟು ಅತ್ತರೂ ಮೋರಿ ಜಾಗ ಬಿಟ್ಟು ಕದಲುವುದಿಲ್ಲ.

ಮೋರಿಯ ಮಾತು ಯಜಮಾನರ ಹೆಂಡತಿಗೆ ಎಲ್ಲರಿಗಿಂತ ಹತ್ತಿರದ್ದು. ಕೆಲಸದವರು ಆಕೆಯನ್ನು ನೀರಮ್ಮ ಎಂದೇ ಕರೆಯುತ್ತಿದ್ದರು, ಎದುರಿಗೂ ಹಿಂದೆಯೂ. ವೈನ್ ಮಾಡುವುದೆಂದರೆ ಹೊರಗಿನವರಿಗೆ ಏನೇನೋ ಕಲ್ಪನೆ. ಅದರಲ್ಲಿ ಮುಕ್ಕಾಲು ಪಾಲು ತೊಳೆಯುವ ಕೆಲಸ. ಟ್ಯಾಂಕು ತೊಳೆ, ಪೈಪು ತೊಳೆ, ಪೀಪಾಯಿ ತೊಳೆ, ತೊಳೆದ ಮೇಲೆ ನೆಲ ತೊಳೆ. ಎಣ್ಣೆ ಗೋದಾಮಿನ ನೆಲ ಒಳಕ್ಕೆ ಇಳಿಜಾರು, ಮೋರಿ ಮಾತ್ರ ಬೀದಿ ಬಾಗಿಲ ಪಕ್ಕ. ಅಷ್ಟೂ ನೀರನ್ನು ವೈಪರಿನಲ್ಲಿ ಏರು ಹತ್ತಿಸಿ ಹೊರಗೆ ಕಳಿಸುವವಳು ನೀರಮ್ಮ. ಈಗ ಅವಳ ಬಲ ಭುಜ ಕೈಕೊಟ್ಟಿತ್ತು. ತಲೆ ಬಾಚಲು ಎಡಗೈ ಬೇಕಾಗುತ್ತಿತ್ತು. ಇನ್ನು ತಳ್ಳುವ ಎಳೆಯುವ ಕೆಲಸ ಕೂಡದು ಎಂದು ಡಾಕ್ಟರು ಹೇಳಿಯಾಗಿತ್ತು. ನೀರಮ್ಮ ಹೂಂಗುಟ್ಟಿ ಬಂದು ಅದೇ ಸಂಜೆ ನೆಲ ತೊಳೆದಿದ್ದಳು.

ಹೊಸ ನಕ್ಷೆಯಲ್ಲೂ ಮೋರಿ ಮುಂದಿನ ಬಾಗಿಲ ಪಕ್ಕವೇ ಇತ್ತು. ಕಾರಣ ಯಜಮಾನರ ಕುರ್ಚಿ. ಅವರು ಬಾಗಿಲಲ್ಲಿ ಕೂತು ಮೋರಿ ನೋಡುತ್ತಿದ್ದರು. ಹೊರಹೋಗುವ ನೀರಿನ ಬಣ್ಣ ನೋಡಿಯೇ ಒಳಗೆ ಯಾವ ಟ್ಯಾಂಕು ತೊಳೆಯುತ್ತಿದ್ದಾರೆ, ಎಲ್ಲಿ ಪೈಪು ಸರಿಯಾಗಿ ಬಿಗಿದಿಲ್ಲ, ಯಾರು ವೈನ್ ಚೆಲ್ಲಿ ಸುಮ್ಮನಿದ್ದಾರೆ, ಎಲ್ಲ ಹೇಳುತ್ತಿದ್ದರು. ಕೂತಲ್ಲಿಂದಲೇ ಒಂದು ಕೂಗು ಹಾಕಿದರೆ ಒಳಗಿದ್ದವರು ಪೈಪಿನ ಕಡೆ ಓಡುತ್ತಿದ್ದರು. ಆಗಾಗ ತಪ್ಪಾಗುತ್ತಿತ್ತು. ಆದರೆ ಓಡುವುದು ತಪ್ಪುತ್ತಿರಲಿಲ್ಲ.

ಇಷ್ಟಕ್ಕೂ ಮಗ ಏನೂ ಅನ್ನುತ್ತಿರಲಿಲ್ಲವೋ ಏನೋ. ಆದರೆ ಅವನು ಮದುವೆ ಮಾಡಿಕೊಂಡು ತಂದ ಹುಡುಗಿಯ ಉದ್ಯೋಗವೇ ಆಸ್ಪತ್ರೆ, ಹಾಸ್ಟೆಲುಗಳ ದೊಡ್ಡ ಅಡುಗೆಮನೆಗಳಿಗೆ ನಕ್ಷೆ ಹಾಕುವುದು. ಒಲೆ ಎಲ್ಲಿ, ಎಂಜಲು ತಟ್ಟೆ ಯಾವ ಕಡೆಯಿಂದ ಹೋಗಬೇಕು, ಬಿಸಿ ಸೂಪು ಹೊತ್ತವನಿಗೆ ಎದುರು ಯಾರೂ ಬರದಂತೆ ಏನು ಮಾಡಬೇಕು, ಇದೇ ಅವಳ ಅನ್ನ. ಬಂದ ಹೊಸತರಲ್ಲಿ ಅತ್ತೆಯ ಅಡುಗೆಮನೆಯ ಸಕ್ಕರೆ ಡಬ್ಬಿಯನ್ನು ಒಲೆಯ ಎಡಗಡೆಯಿಂದ ಬಲಗಡೆಗೂ, ಉಪ್ಪಿನದನ್ನು ಅದರ ಜಾಗಕ್ಕೂ ಇಟ್ಟಿದ್ದಳು, ಕೈಗೆ ಸಿಗಲಿ ಎಂದು. ಆ ವಾರವೆಲ್ಲ ನೀರಮ್ಮ ಟೀಗೆ ಉಪ್ಪು ಹಾಕಿದಳು. ಬೇಕೆಂದೇ ಹಾಕಿದ್ದು ಎಂದು ಮಗನಿಗೆ ಇನ್ನೂ ಅನುಮಾನ.

ನಕ್ಷೆಯ ಮೇಲೆ ಸೊಸೆ ಬೆರಳಿಟ್ಟದ್ದು ಒಂದು ಬೆಳಗ್ಗೆ, ಬ್ರೆಡ್ಡು ಮೊಟ್ಟೆಯ ನಡುವೆ.

"ಮಾವ, ಈ ದಾರಿ ಇಲ್ಲಿ ಯಾಕೆ ಬಳಸ್ಕೊಂಡು ಹೋಗುತ್ತೆ? ಟ್ಯಾಂಕಿಂದ ಹಿಂಡೋ ಮಿಷನ್ನಿಗೆ ನೇರ ಹೋಗಬಹುದಲ್ಲ. ಮಧ್ಯೆ ಏನಿದೆ?"

"ಏನಿದೆ ಅಂದ್ರೆ? ದಾರಿ ಅದು. ದಾರಿ ಹಾಗೇ ಹೋಗೋದು."

ಯಜಮಾನರ ತಾಯಿಗೆ ಕಿವಿ ಅಷ್ಟಕ್ಕಷ್ಟೇ, ಆದರೆ ಬೇಕಾದ್ದು ಕೇಳಿಸುತ್ತಿತ್ತು. ಇನ್ನೂ ಕಟ್ಟಿರದ ಕಟ್ಟಡದ ಪರವಾಗಿ ಅಜ್ಜಿ ಸಾಕ್ಷಿ ಹೇಳಿದರು: "ಅಲ್ಲಿ ಬಳಸ್ಕೊಂಡೇ ಹೋಗೋದಮ್ಮ. ನಾನು ಈ ಮನೆಗೆ ಬಂದಾಗಿಂದ ಹಾಗೇ ಇದೆ."

ಸೊಸೆ ಬ್ರೆಡ್ಡಿನ ಚೂರು ಬಾಯಿಗಿಟ್ಟುಕೊಂಡು ಕೆಳಗಿಳಿದು ಹೋದಳು. ಹಳೆಯ ವೈನರಿಯಲ್ಲಿ ಅವಳು ತುಂಬ ಹೊತ್ತು ಸುಮ್ಮನೆ ನಿಂತು ಜನ ಓಡಾಡುವುದನ್ನು ನೋಡಿದಳೆಂದು ನೀರಮ್ಮನಿಗೆ ಆಮೇಲೆ ತಿಳಿಯಿತು.

ಆ ಭಾನುವಾರ ಎಲ್ಲರೂ ಜಾಗಕ್ಕೆ ಬರಬೇಕೆಂದು ಅವಳು ಹಟ ಹಿಡಿದಳು. ಹೋದರೆ, ತಳಪಾಯದ ನಡುವಿನ ಮಣ್ಣಿನ ಮೇಲೆ ಸುಣ್ಣದ ಪುಡಿಯಲ್ಲಿ ಚೌಕಗಳನ್ನು ಬರೆದಿಟ್ಟಿದ್ದಳು. ಇಲ್ಲಿ ಟ್ಯಾಂಕು, ಅಲ್ಲಿ ಹಿಂಡುವ ಯಂತ್ರ, ಆಚೆ ಪೀಪಾಯಿಗಳು, ಮುಂದೆ ಬಾಗಿಲು. ಮಾವನವರ ನಕ್ಷೆಯೇ, ನಿಜವಾದ ಅಳತೆಯಲ್ಲಿ. ದಾರಿಯನ್ನು ಮಾತ್ರ ಬರೆದಿರಲಿಲ್ಲ. ಖಾಲಿ ಕ್ರೇಟು ಹಿಡಿದುಕೊಂಡು ಟ್ಯಾಂಕಿನಿಂದ ಯಂತ್ರದವರೆಗೆ ಒಮ್ಮೆ ನಡೆದು ತೋರಿಸಿ ಎಂದಳು. ಮಕ್ಕಳಾಟ ಎಂದು ಗೊಣಗುತ್ತಲೇ ಯಜಮಾನರು ಕ್ರೇಟು ಎತ್ತಿದರು. ಅರ್ಧ ದಾರಿಗೆ ಬಂದಾಗ ಅವರ ಕಾಲು ತಾನಾಗಿ ಎಡಕ್ಕೆ ತಿರುಗಿತು. ಬಯಲಿನಲ್ಲಿ ಒಂದು ಅರ್ಧ ಸುತ್ತು ಹಾಕಿ ಮತ್ತೆ ನೇರಕ್ಕೆ ಬಂದು ನಿಂತರು. ಹಿಂದೆಯೇ ಮಗ, ಅವನೂ ಅಲ್ಲೇ ತಿರುಗಿದ. ಕ್ರೇಟಿಲ್ಲದ ನೀರಮ್ಮ ಕೂಡ.

"ಮಾವ, ಬಾವಿ ಹಳೇ ಮನೇಲಿದೆ," ಅಂದಳು ಸೊಸೆ.

ನೀರಮ್ಮನಿಗೆ ನಗು ತಡೆಯಲಾಗಲಿಲ್ಲ. ಇಷ್ಟು ವರ್ಷ ಒಂದು ಮುಚ್ಚಳವನ್ನು ಸುತ್ತಿ ಸುತ್ತಿ ಸವೆದ ಸಂಸಾರ ಈಗ ಅದನ್ನು ಊರಾಚೆಗೆ ಹೊತ್ತು ತಂದು ನಕ್ಷೆಯಲ್ಲಿ ಹೂತಿತ್ತು. ನಗುತ್ತಾ ನಗುತ್ತಾ ಭುಜ ಹಿಡಿದುಕೊಂಡು ಅಲ್ಲೇ ಮಣ್ಣಿನ ಮೇಲೆ ಕೂತುಬಿಟ್ಟಳು. ತೂಗುಗುಂಡು ಬಿಟ್ಟು ತಳಪಾಯದ ಅಂಚು ನೋಡುತ್ತಿದ್ದ ಮೇಸ್ತ್ರಿಯೂ ಮುಖ ಆಚೆ ತಿರುಗಿಸಿಕೊಂಡ.

ಸೊಸೆ ಅಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಎಲ್ಲಿ ನಿಲ್ಲಿಸಬೇಕೆಂಬುದು ಅವಳ ಓದಿನಲ್ಲಿ ಇರಲಿಲ್ಲ. ಹಣ್ಣಿನ ಕಾಲದ ಒಂದು ಬೆಳಗ್ಗೆ ಹೇಗಿರುತ್ತದೆ ನೋಡೋಣ ಎಂದು ಮನೆಯವರನ್ನೇ ಸಾಮಾನಿನ ಹಾಗೆ ನಿಲ್ಲಿಸಿದಳು. ಗಂಡ ಹಣ್ಣಿನ ಲಾರಿ, ಅತ್ತೆ ಹಿಂಡಿದ ಸಿಪ್ಪೆಯ ಗಾಡಿ, ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತ ಅಜ್ಜಿ ಮಾರಾಟಕ್ಕೆ ಹೊರಟ ಬಾಟಲಿಗಳು. ಎಲ್ಲರೂ ಹೊರಟರು, ಎಲ್ಲರೂ ಒಂದೇ ಬಾಗಿಲಲ್ಲಿ ಬಂದು ಸಿಕ್ಕಿಕೊಂಡರು. ಲಾರಿ ಬಿಸಿಲಲ್ಲಿ ನಿಂತು ಕಾಯುತ್ತಿತ್ತು. ನೊಣ ಮುತ್ತುವ ಸಿಪ್ಪೆ ಗಾಡಿ, ತೊಳೆದಿಟ್ಟ ಬಾಟಲಿಗಳ ಮೈಗೆ ಒರಗಿಕೊಂಡಿತ್ತು. ಹಿಂದೆ ಇಳಿಜಾರಿದೆ, ಸೊಸೆ ಹೇಳಿದಳು. ಹಣ್ಣು ಮೇಲಿನ ರಸ್ತೆ ಕಡೆಯಿಂದ ಬಂದರೆ ಪಂಪಿಗೂ ಕೆಲಸ ಕಡಿಮೆ, ಸಿಪ್ಪೆಗೆ ಹಿಂದೆ ಒಂದು ಬಾಗಿಲು, ನೀರಿಗೆ ಟ್ಯಾಂಕುಗಳ ಕೆಳಗೇ ಒಂದು ಕಾಲುವೆ, ನೆಲ ಎರಡೂ ಕಡೆಯಿಂದ ಅದಕ್ಕೆ ಓರೆ.

"ನಾನು ಇನ್ನೂ ಎಷ್ಟು ಹೊತ್ತು ಬಾಟಲಿ?" ಎಂದು ಅಜ್ಜಿ ಕೇಳಿದರು.

ಯಜಮಾನರು ಕ್ರೇಟನ್ನು ನೆಲಕ್ಕಿಟ್ಟರು. ನಿಧಾನವಾಗಿ, ಅದರಲ್ಲಿ ಮೊಟ್ಟೆಗಳಿವೆಯೇನೋ ಅನ್ನುವ ಹಾಗೆ.

"ಎರಡು ಬಾಗಿಲು ಅಂದ್ರೆ ಇಬ್ಬರು ಯಜಮಾನರು," ಅಂದರು. "ನಾನು ಬದುಕಿರೋವರೆಗೆ ಒಂದೇ ಬಾಗಿಲು."

ಅಂದಿನಿಂದ ಅವರು ಹೆಂಡತಿಯೊಡನೆ ಮಾತು ಬಿಟ್ಟರು. ಸೊಸೆಯ ಮೇಲೆ ಅಷ್ಟು ಸಿಟ್ಟಿರಲಿಲ್ಲ. ಅವಳು ಹೇಗಿದ್ದರೂ ಹೊರಗಿನಿಂದ ಬಂದವಳು. ನಕ್ಕದ್ದು ನೀರಮ್ಮ. ಹೇಳಬೇಕಾದದ್ದನ್ನೆಲ್ಲ ತಾಯಿಯ ಮೂಲಕ ಹೇಳಿಸುತ್ತಿದ್ದರು. ಸೂಪು ತಣ್ಣಗಾಗಿದೆ ಎಂದು ಅವರು ಅಜ್ಜಿಯ ಕಿವಿಗೆ ಹೇಳಿದರೆ, ಅಜ್ಜಿ ಮೇಜಿನ ಆಚೆಗೆ "ಇವನಿಗೆ ಚಳಿಯಂತೆ" ಎಂದು ಸುದ್ದಿ ದಾಟಿಸುತ್ತಿದ್ದರು. ನೀರಮ್ಮ ಎದ್ದು ಹೋಗಿ ಕಂಬಳಿ ತಂದು ಗಂಡನ ಹೆಗಲಿಗೆ ಹೊದಿಸುತ್ತಿದ್ದಳು. ಅವರು ಅದನ್ನು ಹೊದ್ದುಕೊಂಡೇ ತಣ್ಣನೆಯ ಸೂಪು ಕುಡಿಯುತ್ತಿದ್ದರು.

ಕೆಳಗೆ ಹಳೆಯ ಪೀಪಾಯಿಗಳನ್ನು ಖಾಲಿ ಮಾಡಿ ತೊಳೆಯುವ ವಾರಗಳವು. ನೀರಮ್ಮ ವೈಪರನ್ನು ಎಡಗೈಗೆ ಬದಲಿಸಿಕೊಂಡಳು. ಎಡಗೈಗೆ ಆ ನೆಲದ ಪರಿಚಯವಿರಲಿಲ್ಲ. ಅರ್ಧ ನೀರು ಮರಳಿ ಬಂದು ಅವಳ ಕಾಲನ್ನೇ ನೆನೆಸುತ್ತಿತ್ತು. ಬಾಗಿಲಲ್ಲಿ ಕುರ್ಚಿ, ಕುರ್ಚಿಯಲ್ಲಿ ಗಂಡ. ಮೋರಿಗೆ ನೀರು ತಡವಾಗಿ ಬರುತ್ತಿರುವುದು ಅವರಿಗೆ ಗೊತ್ತಾಗುತ್ತಿತ್ತು. ಯಾಕೆಂದು ಕೇಳಬೇಕಾದರೆ ಅಜ್ಜಿಯನ್ನು ಮೆಟ್ಟಿಲಿಳಿಸಿ ತರಬೇಕು.

ಈ ನಡುವೆ ಸೊಸೆ ಬೇರೊಂದು ನಕ್ಷೆ ಬರೆದು ಮೊದಲಿನದರ ಮೇಲೇ ಹಾಸಿದಳು. ಮಗ ಅದರ ಮೇಲೆ ಬಗ್ಗಿ ತಲೆದೂಗಿದ. ತಟ್ಟೆ ಎತ್ತಲು ಬಂದ ನೀರಮ್ಮನೂ ನೋಡಿದಳು. ಟ್ಯಾಂಕಿನ ಸಾಲು, ಕೆಳಗೆ ಕಾಲುವೆ, ಹಿಂದಿನ ಬಾಗಿಲು, ನೆರಳಿನ ಕಡೆ ಪೀಪಾಯಿಗಳು. ಮುಂದೆ ಗಿರಾಕಿಗಳು ಬಂದು ಕೂತು ವೈನ್ ರುಚಿ ನೋಡುವ ಕೋಣೆ. ಅದರ ಕಿಟಕಿಯ ಹತ್ತಿರ ಪುಟ್ಟ ಅಕ್ಷರದಲ್ಲಿ 'ಅತ್ತೆಯ ಕುರ್ಚಿ'.

ನೀರಮ್ಮ ತಟ್ಟೆಗಳನ್ನು ಸಿಂಕಿಗೆ ಒಯ್ದಳು. ಒರೆಸಲು ಸೊಸೆ ಹಿಂದೆಯೇ ಬಂದಳು.

"ಆ ಕುರ್ಚೀಲಿ ಕೂತು ನಾನು ಏನು ಮಾಡ್ಬೇಕು?"

"ಏನೂ ಮಾಡ್ಬೇಡಿ ಅತ್ತೆ. ಅದಕ್ಕೇ ಇಟ್ಟಿದ್ದು. ಬಂದೋರ ಹತ್ರ ನಾಲ್ಕು ಮಾತಾಡಿ, ಅಷ್ಟೇ."

"ನಾನು ಯಾರ ಹತ್ರ ಮಾತಾಡಿದ್ದೀನಿ? ಹಣ್ಣು ಬಂದಾಗ ನಾನಿರೋದು ಟ್ಯಾಂಕಿನ ಪಕ್ಕ. ಒಳಗೆ ಅದು ಗುಳುಗುಳು ಅನ್ನೋಕೆ ಶುರು ಮಾಡಿದ ಮೇಲೇನೇ ನನಗೆ ಊಟ ಸೇರೋದು."

"ನಿಮ್ಮ ಭುಜಕ್ಕೋಸ್ಕರ ಹೇಳ್ದೆ."

"ಭುಜಾನ ಕೇಳಿದ್ಯಾ? ನನ್ನನ್ನಾದ್ರೂ ಕೇಳಿದ್ಯಾ? ಅವರು ಮೋರಿ ಇಟ್ಟ ಕಡೆ ನನ್ನನ್ನ ಇಟ್ರು, ನೀನು ಕಿಟಕಿ ಇಟ್ಟ ಕಡೆ ಇಡ್ತಿದ್ದೀಯ."

ಸೊಸೆ ಒರೆಸಿದ ತಟ್ಟೆಯನ್ನೇ ಮತ್ತೆ ಒರೆಸಿದಳು.

ಹಿಂದಿನ ದಿನಗಳಲ್ಲಾಗಿದ್ದರೆ ಮಗ ಇಂಥ ಹೊತ್ತಿನಲ್ಲಿ ಪೀಪಾಯಿ ನೋಡುವ ನೆಪ ಹೇಳಿ ಕೆಳಗಿಳಿಯುತ್ತಿದ್ದ. ಈ ಬಾರಿ ಅಪ್ಪನೆದುರು ಕೂತ. ಹೊಳೆಯಾಚೆಯ ಇನ್ನೊಂದು ವೈನರಿಯವರು ತನ್ನನ್ನು ಕೇಳುತ್ತಿದ್ದಾರೆಂದೂ, ನೆಲ ಹಳೆಯ ನಕ್ಷೆಯಂತೆ ಬಿದ್ದರೆ ಈ ಸಲದ ಹಣ್ಣಿಗೆ ತಾನು ಅಲ್ಲಿರುತ್ತೇನೆಂದೂ ಹೇಳಿದ. ಅವನ ದನಿ ಸಣ್ಣದಾಗಿತ್ತು, ಆದರೆ ನಡುಗಲಿಲ್ಲ. ಯಜಮಾನರು ಬ್ರೆಡ್ಡಿಗೆ ಬೆಣ್ಣೆ ಸವರುವುದನ್ನು ನಿಲ್ಲಿಸಲಿಲ್ಲ.

"ಹೋಗೋನಿಗೆ ಒಂದೇ ಬಾಗಿಲು ಸಾಕು," ಅಂದರು.

ಅಜ್ಜಿಗೂ ಕೇಳಿಸಿತು. ಅವರು ಚಮಚ ಕೆಳಗಿಟ್ಟರು. ಆ ರಾತ್ರಿ ಮೇಜಿನ ಮೇಲೆ ತಟ್ಟೆಗಳು ಅರ್ಧಕ್ಕೇ ಉಳಿದವು. ನೀರಮ್ಮ ಎಲ್ಲವನ್ನೂ ಒಂದೇ ಪಾತ್ರೆಗೆ ಸುರಿದು ಮುಚ್ಚಿಟ್ಟಳು. ಮಗ ಹೋದರೆ ಸೊಸೆ ಹೋಗುತ್ತಾಳೆ; ಇಬ್ಬರೂ ಹೋದರೆ ಕೆಳಗೆ ಗಂಡನೂ ತಾನೂ, ಒಂದು ಕುರ್ಚಿ, ಒಂದು ವೈಪರು. ಬಾಯಿಬಿಟ್ಟರೆ ಗಂಡ ಹೋದ, ಬಿಡದಿದ್ದರೆ ಮಗ ಹೋದ. ಇಷ್ಟು ವರ್ಷದಲ್ಲಿ ಮೋರಿ ಎಲ್ಲಿರಬೇಕೆಂದು ಅವಳ ಅಭಿಪ್ರಾಯವನ್ನು ಯಾರೂ ಕೇಳಿರಲಿಲ್ಲ. ಅಂಥದೊಂದು ಅಭಿಪ್ರಾಯ ಇಟ್ಟುಕೊಳ್ಳುವ ಅಭ್ಯಾಸವೂ ಅವಳಿಗೆ ತಪ್ಪಿಹೋಗಿತ್ತು.

ಕಾಂಕ್ರೀಟು ಹಾಕುವ ಬೆಳಗ್ಗೆ ಅವಳು ಫ್ಲಾಸ್ಕಿನಲ್ಲಿ ಟೀ ತುಂಬಿಕೊಂಡು ಜಾಗಕ್ಕೆ ಹೋದಳು. ಕಲಸುವ ಯಂತ್ರ ಬಂದು ನಿಂತಿತ್ತು, ಪಕ್ಕದಲ್ಲಿ ಜಲ್ಲಿ, ಸಿಮೆಂಟು ಚೀಲಗಳು. ಯಜಮಾನರು ಆಗಲೇ ಬಾಗಿಲು ಬರುವ ಕಡೆ ಕುರ್ಚಿ ಹಾಕಿಸಿಕೊಂಡಿದ್ದರು. ಮಗ ಸೊಸೆಯರೂ ಬಂದಿದ್ದರು. ಸಾವಿನ ಮನೆಗೆ ಬಂದವರ ಹಾಗೆ ಒಂದು ಬದಿಗೆ ನಿಂತಿದ್ದರು.

ಮೇಸ್ತ್ರಿ ದಾರ ಹಿಡಿದುಕೊಂಡು ಬಂದ. ನೆಲ ಹಿಂದಕ್ಕೆ ಇಳಿಯುತ್ತಿದೆ, ಮೋರಿ ಮುಂದೆ ಬೇಕು ಅನ್ನುತ್ತೀರಿ, ನೀರು ಮುಂದಕ್ಕೆ ಬರಬೇಕಾದರೆ ಹಿಂದಿನ ಗೋಡೆಯ ಹತ್ತಿರ ಮೊಣಕಾಲೆತ್ತರ ಮಣ್ಣು ತುಂಬಬೇಕು, ಮಣ್ಣು ತರಿಸಿಲ್ಲ, ಏನು ಮಾಡಲಿ ಎಂದ.

"ತುಂಬೋದು ಬೇಡ. ನೆಲ ಇದ್ದ ಹಾಗೇ ಹಾಕು," ಅಂದರು ಯಜಮಾನರು. "ತಳ್ಳೋಕೆ ಜನ ಇದ್ದಾರೆ."

ನೀರಮ್ಮ ಟೀ ಬಗ್ಗಿಸುತ್ತಿದ್ದಳು. ಲೋಟ ತುಂಬಿ ಕೈಮೇಲೆ ಹರಿಯಿತು. ಫ್ಲಾಸ್ಕಿನ ಮುಚ್ಚಳ ತಿರುಪಿ, ಕೈ ಸೆರಗಿಗೆ ಒರೆಸಿಕೊಂಡು ಅವರ ಕುರ್ಚಿಯ ಮುಂದೆ ಬಂದು ನಿಂತಳು.

"ಯಾರು?"

ಯಜಮಾನರು ಅಭ್ಯಾಸದಂತೆ ತಾಯಿಗಾಗಿ ಪಕ್ಕಕ್ಕೆ ನೋಡಿದರು. ಅಜ್ಜಿ ಮನೆಯಲ್ಲಿದ್ದರು.

"ಆಳು ಇಟ್ಕೊಂಡ್ರಾಯ್ತು," ಅಂದರು ಕೊನೆಗೆ. ಎಷ್ಟೋ ದಿನದ ಮೇಲೆ ಹೆಂಡತಿಗೆ ಹೇಳಿದ ಮೊದಲ ಮಾತು ಅದು. "ನೀನು ಆರಾಮಾಗಿ ಮನೇಲಿರು."

"ಅವಳು ಕಿಟಕಿ ಕೊಟ್ಳು, ನೀವು ಮನೆ ಕೊಡ್ತಿದ್ದೀರಿ. ನಿಮ್ಮಿಬ್ಬರಿಗೂ ಅಷ್ಟರ ಮಟ್ಟಿಗೆ ಚೆನ್ನಾಗಿ ಹೊಂದುತ್ತೆ." ನೀರಮ್ಮನ ದನಿ ಏರಲಿಲ್ಲ, ಟೀಗೆ ಸಕ್ಕರೆ ಸಾಕೇ ಎಂದು ಮೇಸ್ತ್ರಿಯನ್ನು ಕೇಳುವ ದನಿಯಲ್ಲೇ ಹೇಳಿದಳು. "ಕೇಳಿಸ್ಕೊಳ್ಳಿ ರೀ. ಹಣ್ಣು ಬರೋ ತಿಂಗಳು ನಾನು ಟ್ಯಾಂಕಿನ ಹತ್ರಾನೇ ಇರೋಳು. ಆದ್ರೆ ಒಂದು ಬಕೆಟ್ ನೀರೂ ತಳ್ಳಲ್ಲ, ಇನ್ನೊಬ್ಬಳ ಕೈಲಿ ತಳ್ಳಿಸಿ ನೋಡ್ತಾನೂ ಕೂರಲ್ಲ. ಎರಡೂ ಆಗೋ ಹಾಗೆ ನೆಲ ಹಾಕಿಸ್ತೀರಾದ್ರೆ ಹಾಕ್ಸಿ. ಇಲ್ಲದಿದ್ರೆ ಮಿಷನ್ನು ವಾಪಸ್ ಕಳಿಸಿ."

ಕಲಸುವ ಯಂತ್ರದವನು ಚಾಲೂ ಮಾಡಲೋ ಬೇಡವೋ ಎಂದು ಮೇಸ್ತ್ರಿಯ ಮುಖ ನೋಡಿದ. ಮೇಸ್ತ್ರಿ ಯಜಮಾನರ ಮುಖ ನೋಡಿದ. ಯಜಮಾನರು ಹೆಂಡತಿಯ ಬಲಗೈ ನೋಡುತ್ತಿದ್ದರು. ಅದು ಪಕ್ಕದಲ್ಲಿ ಇಳಿಬಿದ್ದಿತ್ತು. ಟೀ ಬಿದ್ದ ಜಾಗ ಕೆಂಪಾಗುತ್ತಿತ್ತು. ಸೊಸೆ ಏನೋ ಹೇಳಲು ಬಾಯಿ ತೆರೆದಳು. ಮಗ ಅವಳ ಮೊಣಕೈ ಮುಟ್ಟಿದ. ಮೊದಲ ಸಲ ಅವಳು ಹೇಳಬೇಕಾದ್ದನ್ನು ನುಂಗಿಕೊಂಡಳು.

"ಹಾಗಾದ್ರೆ ನೀರು ಎಲ್ಲಿಗೆ ಹೋಗ್ಬೇಕು, ನೀನೇ ಹೇಳು," ಅಂದರು ಯಜಮಾನರು.

ನೀರಮ್ಮ ತಳಪಾಯದ ಉದ್ದಕ್ಕೂ ಕಣ್ಣಾಡಿಸಿದಳು. ಮಳೆಗೆ ಅರ್ಧ ಅಳಿಸಿದ ಸುಣ್ಣದ ಗೆರೆಗಳು. ಯಾವುದು ಟ್ಯಾಂಕು ಯಾವುದು ಬಾಗಿಲು ತಿಳಿಯುತ್ತಿರಲಿಲ್ಲ.

"ನನಗೇನು ಗೊತ್ತು," ಅಂದಳು. "ಎಲ್ಲಿಗಾದ್ರೂ ಹೋಗ್ಲಿ. ತಾನಾಗಿ ಹೋಗ್ಲಿ. ಅದೆಲ್ಲ ಗೊತ್ತಿರೋಳು ಅಲ್ಲಿ ನಿಂತಿದ್ದಾಳೆ, ಕೇಳಿ. ಬಾರೇ, ಹೇಳು. ಕುರ್ಚಿ ಅಳಿಸಿ ಹೇಳು."

ಸೊಸೆ ಬಂದಳು. ಚುಟುಕಾಗಿ ಹೇಳಿದಳು, ಅವಳಿಗೂ ಅದು ಹೊಸ ಅಭ್ಯಾಸ. ಟ್ಯಾಂಕಿನ ಸಾಲಿನ ಕೆಳಗೆ ಕಾಲುವೆ, ಅದು ಹಿಂದಕ್ಕೆ, ಇಳಿಜಾರು ಇರುವ ಕಡೆಗೇ. ಅತ್ತೆ ಟ್ಯಾಂಕಿನ ಪಕ್ಕ ನಿಂತರೂ ಕಾಲು ಒಣಗಿರುತ್ತದೆ. ಇವತ್ತು ಕಾಲುವೆ ತೋಡಿದರೆ ನಾಡಿದ್ದು ನೆಲ ಹಾಕಬಹುದು. ಹಿಂದೆ ಒಂದು ಬಾಗಿಲು ಎಂದು ಶುರು ಮಾಡಿದವಳನ್ನು ನೀರಮ್ಮ ತಡೆದಳು. ಗೋಡೆ ಇನ್ನೂ ಎದ್ದಿಲ್ಲ, ಬಾಗಿಲಿಗೆ ಆಮೇಲೆ ಬೇರೆ ಜಗಳ ಇದೆ ಎಂದಳು.

ಯಜಮಾನರ ಮುಖದಲ್ಲಿದ್ದದ್ದು ಕೋಪವೇ ಎಂದು ಹೇಳುವುದು ಕಷ್ಟ. ಆಸ್ಪತ್ರೆಯಲ್ಲಿ ಕನ್ನಡಕ ಬಿಚ್ಚಿಕೊಟ್ಟು ಕೂತವರ ಮುಖದ ಹಾಗಿತ್ತು.

"ಮೋರಿ ಹಿಂದಕ್ಕೆ ಹೋದ್ರೆ ನನಗೆ ಬಣ್ಣ ಕಾಣಲ್ಲ."

"ಬಂದು ನೋಡಿ," ಅಂದಳು ನೀರಮ್ಮ. "ನಡೆದು ಬನ್ನಿ. ನಾನಿಲ್ಲೇ ಇರ್ತೀನಲ್ಲ."

ಮಗ ಹೊಳೆಯಾಚೆಯ ಮಾತು ಎತ್ತಲಿಲ್ಲ. ಕೆಲಸದವನ ಕೈಯಿಂದ ಹಾರೆ ಇಸಿದುಕೊಂಡು ಕಾಲುವೆ ಬರುವ ಕಡೆ ಮಣ್ಣಿಗೆ ಹಾಕಿದ. ಮೇಸ್ತ್ರಿ ಒಂದು ಗೂಟ ನೆಟ್ಟು, ದಾರದ ಸುತ್ತು ಬಿಚ್ಚುತ್ತಾ ಹಿಂದಿನ ಕಡೆಗೆ ಹೋದ. ಯಜಮಾನರು ಕೂತಲ್ಲಿಂದಲೇ ಕತ್ತು ಉದ್ದ ಮಾಡಿ ನೋಡಿದರು; ಜಲ್ಲಿಯ ಗುಡ್ಡೆ ಅಡ್ಡ. ಇನ್ನಷ್ಟು ವಾಲಿದರು. ಆಮೇಲೆ ಕುರ್ಚಿಯ ಕೈಗಳನ್ನು ಹಿಡಿದು ಎದ್ದು, ದಾರ ಸಡಿಲ ಕಟ್ಟಿದ್ದೀಯ, ಹೀಗೆ ಕಟ್ಟಿದರೆ ನೀರು ಎಲ್ಲಿಂದ ಹೋದೀತು ಎಂದು ಮೇಸ್ತ್ರಿಯನ್ನು ಬೈಯುತ್ತಾ ಹಿಂದಕ್ಕೆ ನಡೆದರು.